ಲಾರಿ ಬಡಿದ ಬೀಮಿಗೆ ಗಿಲಾವು ಹಚ್ಚುವ ಮೊದಲು

ಭತ್ತದ ಸುಗ್ಗಿ ಶುರುವಾದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯಿಂದ ಒಂದೇ ಬಗೆಯ ಫೋನು ಬರುತ್ತದೆ. "ಲಾರಿ ರಿವರ್ಸ್ ಬರುವಾಗ ಗೇಟಿನ ಬೀಮಿಗೆ ಬಡದೈತ್ರಿ ಸರ, ಒಂಚೂರು ಸಿಮೆಂಟ್ ಉದುರೈತಿ. ಗೌಂಡಿನ್ನ ಕರೆಸಿ ಗಿಲಾವು ಮಾಡಿಸಿದ್ರ ಸಾಕಲ್ರಿ?" ಸಂಡೂರು, ತೋರಣಗಲ್ಲು ಕಡೆಯವರಾದರೆ ಡಬ್ಬಿ ಎತ್ತಿದ ಟಿಪ್ಪರ್ ಹಾಗೇ ಮುಂದೆ ಹೋಗಿ ಬೀಮಿಗೆ ಸಿಕ್ಕಿಕೊಂಡ ಕತೆ ಹೇಳುತ್ತಾರೆ. ರಾಯಚೂರಿನ ಗೋದಾಮಿನವರದು ಅರಳೆ ಬೇಲು ಅಟ್ಟಿಯಿಂದ ಜಾರಿ ಬಿದ್ದ ಕತೆ. ಪ್ರಶ್ನೆ ಮಾತ್ರ ಎಲ್ಲರದೂ ಅದೇ: ಸಿಮೆಂಟ್ ಹಚ್ಚಿದರೆ ಸಾಕಾ?

ಸಾಕಾಗುವುದೂ ಉಂಟು, ಸಾಕಾಗದಿರುವುದೂ ಉಂಟು. ಯಾವುದೆಂದು ತಿಳಿಯಬೇಕಾದರೆ ಗಿಲಾವು ಹಚ್ಚುವ ಮೊದಲೇ ನೋಡಬೇಕು, ಹಚ್ಚಿದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ. ಮನೆ, ಮಿಲ್ಲು, ಗೋದಾಮಿನ ಮಾಲೀಕರು ತಾವೇ ಮಾಡಬಹುದಾದ ಕೆಲಸ ಯಾವುದು, ಎಂಜಿನಿಯರನ್ನು ಕರೆಯಲೇಬೇಕಾದ ಹಂತ ಯಾವುದು ಎಂಬುದನ್ನು ಒಂದೊಂದಾಗಿ ಕೆಳಗೆ ಬರೆದಿದ್ದೇನೆ. ರೈಲ್ವೆ ಅಥವಾ ಹೆದ್ದಾರಿ ಸೇತುವೆಯ ಬೀಮಿಗೆ ಇದು ಅನ್ವಯಿಸುವುದಿಲ್ಲ. ಅದು ಆಯಾ ಇಲಾಖೆಯ ಕೆಲಸ.

ಮೊದಲು ಒಂದು ಮಾತು: ಹೊಡೆತವೂ ಭಾರವೂ ಒಂದೇ ಅಲ್ಲ

ಬೀಮಿನ ಮೇಲೆ ಗೋಡೆ ಕಟ್ಟಿದರೆ ಭಾರ ನಿಧಾನವಾಗಿ ಏರುತ್ತದೆ. ಇಡೀ ಬೀಮು ಕೂಡಿ ಬಾಗುತ್ತದೆ, ಎರಡೂ ಕಂಬಗಳು ಭಾರವನ್ನು ಹಂಚಿಕೊಳ್ಳುತ್ತವೆ. ಭಾರ ಮಿತಿ ಮೀರಿದರೆ ನಡುವೆ ಕೆಳಗಡೆ ಸಣ್ಣ ನೆಟ್ಟಗಿನ ಬಿರುಕು ಕಂಡು, ಬೀಮು ಜೋತು ಬಿದ್ದು, ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ನಮ್ಮ ಡಿಸೈನ್ ಎಲ್ಲ ನಿಂತಿರುವುದು ಈ ನಂಬಿಕೆಯ ಮೇಲೆ.

ಗಟ್ಟಿ ವಸ್ತು ರಪ್ಪನೆ ಬಡಿದಾಗ ಹಾಗಾಗುವುದಿಲ್ಲ. ಒಳ್ಳೆಯ ಕಾಂಕ್ರೀಟಿನಲ್ಲಿ ಹೊಡೆತದ ಅಲೆ ಸೆಕೆಂಡಿಗೆ ಸುಮಾರು 3,500ರಿಂದ 4,000 ಮೀಟರ್ ವೇಗದಲ್ಲಿ ಓಡುತ್ತದೆ. ಎರಡೂವರೆ ಮೀಟರ್ ಆಚೆ ಇರುವ ಕಂಬಕ್ಕೆ ಸುದ್ದಿ ಮುಟ್ಟಲು ಸೆಕೆಂಡಿನ ಸಾವಿರದ ಒಂದು ಪಾಲೂ ಬೇಡ. ಆದರೆ ಇಡೀ ಬೀಮು ಬಾಗಿ ಆ ಹೊಡೆತವನ್ನು ಹೊರಲು ಅದರ ಹತ್ತಾರು ಪಟ್ಟು ಹೊತ್ತು ಬೇಕು. ಅಷ್ಟರೊಳಗೆ ಪೆಟ್ಟು ಬಿದ್ದ ಜಾಗ ಒಂದೇ ಮುಂದಕ್ಕೆ ಸರಿಯುತ್ತದೆ, ಅಕ್ಕಪಕ್ಕದ ಕಾಂಕ್ರೀಟ್ ತನ್ನ ತೂಕದ ಜಡತ್ವದಿಂದ ಅಲ್ಲೇ ನಿಂತಿರುತ್ತದೆ. ಈ ಎರಡರ ನಡುವೆ ಕತ್ತರಿಯ ಎರಡು ಅಲಗಿನ ನಡುವೆ ಬಟ್ಟೆ ಸಿಕ್ಕಿದಂತೆ ಕಾಂಕ್ರೀಟ್ ಸಿಕ್ಕಿಬೀಳುತ್ತದೆ. ಇದೇ ಕತ್ತರಿಬಲ, ಎಂಜಿನಿಯರುಗಳು ಶಿಯರ್ ಎನ್ನುತ್ತಾರೆ. ನಿಧಾನದ ಭಾರಕ್ಕೆ ಬಾಗಿ ಎಚ್ಚರಿಸಬೇಕಿದ್ದ ಬೀಮು ಹೊಡೆತಕ್ಕೆ ಓರೆಯಾಗಿ ಸೀಳಿ ಒಮ್ಮೆಲೇ ಕೈಕೊಡುವುದು ಈ ಕಾರಣಕ್ಕೆ. ಓರೆ ಸೀಳನ್ನು ತಡೆಯುವ ಮುಖ್ಯ ಕಬ್ಬಿಣ ರಿಂಗು, ಅಂದರೆ ಉದ್ದ ಸರಳುಗಳನ್ನು ಸುತ್ತುವರಿದ 8 ಮಿ.ಮೀ. ಚೌಕಟ್ಟು. ಹೊಡೆತ ಬಿದ್ದ ಬೀಮಿನಲ್ಲಿ ಮೊದಲು ವಿಚಾರಿಸಬೇಕಾದದ್ದು ಉದ್ದ ಸರಳಿನ ಕ್ಷೇಮವಲ್ಲ, ರಿಂಗಿನ ಕ್ಷೇಮ.

ಎಲ್ಲ ಹೊಡೆತವೂ ಒಂದೇ ಥರ ಅಲ್ಲ. ಲಾರಿಯ ಬಾಡಿ ತಾನೇ ನುಗ್ಗಾಗಿ ನಿಲ್ಲುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಅದು ಮೆತ್ತನೆಯ ಹೊಡೆತ, ಬಲವಾದ ತಳ್ಳಿಗೆ ಹತ್ತಿರ. ಜೆಸಿಬಿ ಬಕೆಟ್ಟು, ಕ್ರೇನಿನಿಂದ ಜಾರಿದ ಉಕ್ಕಿನ ಗರ್ಡರು ನುಗ್ಗಾಗುವುದಿಲ್ಲ. ಅವು ಗಟ್ಟಿ ಹೊಡೆತ, ಮೇಲೆ ಹೇಳಿದ ಸೀಳು ಅಲ್ಲಿ ಹೆಚ್ಚು. ಟಿಪ್ಪರ್ ಡಬ್ಬಿಯ ದಪ್ಪ ಅಂಚು ಇವೆರಡರ ನಡುವಿನದು.

ಬೇಕಾಗುವ ಸಾಮಾನು

ಟಾರ್ಚು, ಟೇಪು, ಪೆನ್ಸಿಲು, ಅರ್ಧ ಕೆ.ಜಿ. ಸುತ್ತಿಗೆ, ಚಿಕ್ಕ ಉಳಿ, ನೂಲುದಾರ, ತೂಗುಗುಂಡು, ಗೌಂಡಿಗಳ ನೀರಿನ ಪೈಪ್ ಲೆವೆಲ್ಲು, ತಲೆಗೆ ಹೆಲ್ಮೆಟ್ಟು. ಬಿರುಕಿನ ಅಗಲ ಅಳೆಯಲು ಮೆಕ್ಯಾನಿಕ್ ಹತ್ತಿರ ಇರುವ ಫೀಲರ್ ಗೇಜ್ ಕೇಳಿ ತನ್ನಿ. ಟ್ಯಾಪೆಟ್ ಸಂದು ನೋಡಲು ಬಳಸುವ ತೆಳು ಉಕ್ಕಿನ ಎಲೆಗಳ ಕಟ್ಟು ಅದು, ಪ್ರತಿ ಎಲೆಯ ಮೇಲೂ ದಪ್ಪ ಕೊರೆದಿರುತ್ತದೆ. ಸಿಗದಿದ್ದರೆ ಝೆರಾಕ್ಸ್ ಕಾಗದವೇ ಗತಿ. ಒಂದು ಹಾಳೆ ಸುಮಾರು 0.1 ಮಿ.ಮೀ., ಮೂರು ಹಾಳೆ ಸೇರಿಸಿ ಹಿಡಿದರೆ 0.3. ಬಿರುಕಿನೊಳಗೆ ತುರುಕಬೇಡಿ, ಪಕ್ಕದಲ್ಲಿ ಹಿಡಿದು ಕಣ್ಣಿನಿಂದ ಹೋಲಿಸಿ.

ಹಂತ 1: ಮೊದಲ ಒಂದು ತಾಸು

ಬೀಮಿನ ಕೆಳಗಿನಿಂದ ಜನರನ್ನೂ ವಾಹನವನ್ನೂ ತೆಗೆಸಿ. ಬೀಮಿಗೆ ಕರೆಂಟಿನ ಸರ್ವಿಸ್ ವೈರು ಕಟ್ಟಿದ್ದರೆ ಮೇನ್ ಆಫ್ ಮಾಡಿದರೆ ಸಾಲದು, ಕಂಬದಿಂದ ಮೀಟರಿನವರೆಗಿನ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಜೆಸ್ಕಾಂನವರಿಗೆ ತಿಳಿಸಿ, ಅವರು ಲೈನ್ ತೆಗೆಯುವವರೆಗೆ ಏಣಿ ಇಡಬೇಡಿ.

ಟಿಪ್ಪರ್ ಬೀಮಿಗೆ ಸಿಕ್ಕಿಕೊಂಡೇ ನಿಂತಿದ್ದರೆ ತಕ್ಷಣ ಹಿಂದಕ್ಕೆ ಎಳೆಸಬೇಡಿ. ಬೀಮು ಈಗ ಆ ಡಬ್ಬಿಯ ಮೇಲೇ ಕೂತಿರಬಹುದು. ಮೊದಲು ಜಾಕಿ ಕೊಡಿ, ಆಮೇಲೆ ವಾಹನ ತೆಗೆಸಿ. ಲಾರಿ ಹೋದ ಮೇಲೆ ಬೀಮು ಉರುಳುವುದು ಇಂಥ ಆತುರದಿಂದಲೇ.

ಜಾಕಿ ಎಂದರೆ ಸೆಂಟ್ರಿಂಗಿನವರ ತಿರುಗಿಸುವ ಉಕ್ಕಿನ ಕಂಬ. ಪೆಟ್ಟು ಬಿದ್ದ ಜಾಗದ ಎರಡೂ ಪಕ್ಕಕ್ಕೆ ಒಂದೊಂದು, ಎರಡೂ ತುದಿಯ ಕಂಬಗಳಿಂದ ಅರ್ಧ ಮೀಟರ್ ಈಚೆ ಒಂದೊಂದು, ಕಡಿಮೆ ಎಂದರೂ ನಾಲ್ಕು. ಇಲ್ಲಿ ಎರಡು ತಪ್ಪು ಪದೇ ಪದೇ ನೋಡಿದ್ದೇನೆ. ಒಂದು, ಜಾಕಿಯನ್ನು ನೇರ ಎರೆ ಮಣ್ಣಿನ ಮೇಲೆ ನಿಲ್ಲಿಸುವುದು. ನಮ್ಮ ಎರೆ ಭೂಮಿ ಒಂದು ಮಳೆ ಬಿದ್ದರೆ ಬೆಣ್ಣೆಯಾಗುತ್ತದೆ, ಜಾಕಿ ಹೂತು ಹೋಗಿ ಬೀಮು ಮತ್ತೆ ತನ್ನ ಪಾಡಿಗೆ ಉಳಿಯುತ್ತದೆ. ಕೆಳಗೆ ದಪ್ಪ ಹಲಗೆಯನ್ನೋ ಶಹಾಬಾದ್ ಕಲ್ಲಿನ ಮೇಲೆ ಹಲಗೆಯನ್ನೋ ಹಾಸಿ. ಇನ್ನೊಂದು, ಬೀಮು ಎತ್ತಿ ಸರಿಮಾಡುತ್ತೇನೆಂದು ಜಾಕಿಯನ್ನು ಬಿಗಿಯಾಗಿ ತಿರುಗಿಸುವುದು. ನಡುವೆ ಮೇಲಕ್ಕೆ ತಳ್ಳಿದರೆ ಕಬ್ಬಿಣ ಕಡಿಮೆ ಇರುವ ಮೇಲುಮೈ ಸೀಳುತ್ತದೆ. ಕೈಗೆ ಬಿಗಿ ಸಿಕ್ಕಷ್ಟು ಸಾಕು.

ಲಾರಿಯ ನಂಬರು, ಫೋಟೋ, ವೇ ಬ್ರಿಜ್ ಚೀಟಿ ಮೂರನ್ನೂ ಇಟ್ಟುಕೊಳ್ಳಿ. ವಿಮೆಗೂ ರಾಜಿಗೂ ಬೇಕು. ಚೀಟಿಯಲ್ಲಿರುವ ತೂಕ ಮುಂದಿನ ಲೆಕ್ಕಕ್ಕೆ ನಮಗೂ ಬೇಕು.

ಹಂತ 2: ಇದ್ದದ್ದನ್ನು ಇದ್ದಂತೆ ಬರೆದಿಡಿ

ಕಾಣುವ ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಕು, ಅಗಲ ಬರೆಯಿರಿ. ನಾಲ್ಕು ದಿನದ ಮೇಲೆ ಬಿರುಕು ಗೆರೆ ದಾಟಿದ್ದರೆ ಅದು ಇನ್ನೂ ಬೆಳೆಯುತ್ತಿದೆ ಎಂದರ್ಥ. ಮುಖ್ಯ ಬಿರುಕಿನ ಮೇಲೆ ಅಡ್ಡಡ್ಡ ತೆಳು ಗಾಜಿನ ಪಟ್ಟಿಯನ್ನು ಎರಡೂ ಕಡೆ ಅಂಟಿಸಿದರೆ ಇನ್ನೂ ಒಳ್ಳೆಯದು. ಬಿರುಕು ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಗಾಜು ಒಡೆಯುತ್ತದೆ.

ಬೀಮಿನ ಮುಖದುದ್ದಕ್ಕೂ ದಾರ ಎಳೆದು ಪಕ್ಕಕ್ಕೆ ಎಷ್ಟು ಬಾಗಿದೆ ನೋಡಿ. ನೀರಿನ ಲೆವೆಲ್ಲಿನಿಂದ ನಡುವೆ ಎಷ್ಟು ಇಳಿದಿದೆ ನೋಡಿ. ಗುಂಡು ಇಳಿಬಿಟ್ಟು ಬೀಮಿನ ಮುಖ ವಾಲಿದೆಯೋ ನೋಡಿ. ಮೂರೂ ಅಂಕಿ ಬರೆದಿಡಿ.

ಹಂತ 3: ಗಿಲಾವು ಕೀಳಿ

ಮಾಲೀಕರಿಗೆ ಮನಸ್ಸು ಬಾರದ ಹಂತ ಇದು, ಬಣ್ಣ ಹೊಡೆಸಿದ ಚೆಂದದ ಗೋಡೆಯಾದರಂತೂ ಇನ್ನೂ ಕಷ್ಟ. ಆದರೂ ಕೀಳಲೇಬೇಕು. ಗಿಲಾವಿನ ಬಿರುಕು ಒಳಗಿನ ಕಾಂಕ್ರೀಟಿನ ಬಿರುಕಿನ ಗುರುತಲ್ಲ. ಹೊರಗೆ ದೊಡ್ಡ ಬಿರುಕಿದ್ದು ಒಳಗೆ ಏನೂ ಇಲ್ಲದಿರಬಹುದು, ಹೊರಗೆ ನುಣ್ಣಗಿದ್ದು ಒಳಗೆ ಸೀಳಿರಬಹುದು. ಪೆಟ್ಟು ಬಿದ್ದ ಜಾಗದ ಎರಡೂ ಪಕ್ಕ ಒಂದೊಂದು ಮೀಟರು, ಅದರ ನೇರ ಹಿಂಬದಿ, ಎರಡೂ ಕಂಬದ ಹತ್ತಿರ ಒಂದೊಂದು ಮೀಟರು ಉಳಿಯಿಂದ ಮೆಲ್ಲಗೆ ಬಿಡಿಸಿ. ಡ್ರಿಲ್ ಬ್ರೇಕರ್ ಹಚ್ಚಬೇಡಿ, ಗಾಯವಾದ ಬೀಮಿಗೆ ಮತ್ತೆ ಬಡಿದಂತಾಗುತ್ತದೆ.

ಬಿಡಿಸಿದ ಮೇಲೆ ಸುತ್ತಿಗೆಯಿಂದ ಅರ್ಧಡಿಗೊಂದರಂತೆ ತಟ್ಟುತ್ತ ಹೋಗಿ. ಗಟ್ಟಿ ಕಾಂಕ್ರೀಟ್ ಟಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟದ್ದು ಹಣ್ಣಾದ ಕಲ್ಲಂಗಡಿಯಂತೆ ದೊಬ್ ಎನ್ನುತ್ತದೆ. ದೊಬ್ ಎಂದ ಜಾಗವನ್ನೆಲ್ಲ ಸೀಮೆಸುಣ್ಣದಿಂದ ಸುತ್ತಿಡಿ.

ಹಂತ 4: ಬಿರುಕು ಓದುವುದು

ಇಲ್ಲಿ ಆತುರ ಬೇಡ. ಬಹಳಷ್ಟು ಉತ್ತರ ಇಲ್ಲೇ ಸಿಗುತ್ತದೆ.

*ನಡುವಿನ ಕೆಳಮೈಯಲ್ಲಿ ನೆಟ್ಟಗಿನ ಬಿರುಕು.* ಬಾಗಿದ್ದರಿಂದ ಬಂದದ್ದು. 0.3 ಮಿ.ಮೀ. ಒಳಗಿದ್ದರೆ ಗಾಬರಿ ಬೇಡ. ದಿನನಿತ್ಯದ ಭಾರಕ್ಕೇ ಅಷ್ಟು ಬಿರುಕನ್ನು ನಮ್ಮ ಕಾಂಕ್ರೀಟ್ ಸಂಹಿತೆ ಐಎಸ್ 456 ಸಾಮಾನ್ಯ ಪರಿಸರದಲ್ಲಿ ಒಪ್ಪುತ್ತದೆ. ಮಿಲಿಮೀಟರು ದಾಟಿ ಬಾಯಿ ಬಿಟ್ಟೇ ನಿಂತಿದ್ದರೆ ಒಳಗಿನ ಸರಳು ಜಗ್ಗಿ ಮರಳಿ ಬಾರದಷ್ಟು ಉದ್ದವಾಗಿರುವ ಸಂಭವ ಹೆಚ್ಚು.

*ಪೆಟ್ಟಿನ ಜಾಗದಿಂದ ಎರಡೂ ಕಡೆ ಓರೆಯಾಗಿ ಹೊರಟ ಬಿರುಕು.* ಮೇಲಿಂದ ಬೇಲು ಬಿದ್ದ ಬೀಮಾದರೆ ಮುಖದ ಮೇಲೆ ಗುಡಾರದ ಆಕಾರ ಕಾಣುತ್ತದೆ, ತುದಿ ಮೇಲೆ, ಬುಡ ಅಗಲ. ಲಾರಿ ಪಕ್ಕದಿಂದ ಬಡಿದಿದ್ದರೆ ಅದೇ ಗುಡಾರ ಮಲಗಿರುತ್ತದೆ, ಆದ್ದರಿಂದ ಮುಂದೆ ನಿಂತು ನೋಡಿದರೆ ಕಾಣುವುದಿಲ್ಲ. ಕೆಳಗೆ ಕೂತು ಬೀಮಿನ ತಳಕ್ಕೆ ಟಾರ್ಚ್ ಬಿಡಿ. ಪೆಟ್ಟು ಬಿದ್ದ ಅಂಚಿನಿಂದ ಹಿಂದಿನ ಅಂಚಿನ ಕಡೆಗೆ ಅಗಲವಾಗುತ್ತ ಹೋದ ಎರಡು ಗೆರೆ ಕಂಡರೆ ಅದೇ. ಆ ತುಂಡು ರಿಂಗಿನ ಆಸರೆಯಲ್ಲಷ್ಟೇ ನಿಂತಿದೆ. ಇದು ಕಂಡ ತಕ್ಷಣ ಮುಂದಿನ ಹಂತ ಬಿಟ್ಟು ಎಂಜಿನಿಯರನ್ನು ಕರೆಯಿರಿ.

*ಹಿಂಬದಿಯಲ್ಲಿ ಚಕ್ಕೆ ಎದ್ದದ್ದು.* ಮುಂದೆ ಬಡಿದರೆ ಹಿಂದೆ ಯಾಕೆ ಉದುರಿತು ಎಂದು ಎಲ್ಲರೂ ಕೇಳುತ್ತಾರೆ. ಕೇರಂ ಬೋರ್ಡಿನಲ್ಲಿ ಕಾಯಿಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿಟ್ಟು ಮೊದಲನೆಯದಕ್ಕೆ ಹೊಡೆಯಿರಿ, ಸಿಡಿಯುವುದು ಕೊನೆಯದು. ಒತ್ತಡದ ಅಲೆ ಬೀಮನ್ನು ದಾಟಿ ಹಿಂದಿನ ಮುಖಕ್ಕೆ ಬಂದು, ಮುಂದೆ ಹೋಗಲು ಏನೂ ಇಲ್ಲದೆ ತಿರುಗಿದಾಗ ಜಗ್ಗುವ ಅಲೆಯಾಗುತ್ತದೆ. ಕಾಂಕ್ರೀಟಿಗೆ ಜಗ್ಗು ತಡೆಯುವ ಶಕ್ತಿ ಒತ್ತು ತಡೆಯುವುದರ ಸುಮಾರು ಹತ್ತನೇ ಒಂದು ಪಾಲು, ಹಾಗಾಗಿ ಅಲ್ಲಿ ಚಕ್ಕೆ ಏಳುತ್ತದೆ. ಮೆತ್ತನೆ ಹೊಡೆತದಲ್ಲಿ ಹಿಂಬದಿ ಒಡೆದಿದ್ದರೆ ಕಾರಣ ಬೇರೆ: ಪಕ್ಕಕ್ಕೆ ಬಾಗಿದ ಬೀಮಿನ ಹಿಂಬದಿಯೇ ಜಗ್ಗಿಗೆ ಸಿಕ್ಕ ಮುಖ. ಎರಡರಲ್ಲಿ ಯಾವುದಾದರೂ ಹಿಂಬದಿ ನೋಡದೆ ಬಿಡಬಾರದು.

*ಕಂಬದ ಹತ್ತಿರ ಮೇಲುಮೈಯಲ್ಲಿ ಬಿರುಕು.* ಮಾಲೀಕರು ತಪ್ಪದೆ ಬಿಟ್ಟುಬಿಡುವ ಜಾಗ. ಮೇಲಿನಿಂದ ರಪ್ಪನೆ ಬಿದ್ದಾಗ ನಡುಭಾಗ ಕೆಳಗೆ ಹೊರಟಿರುತ್ತದೆ, ತುದಿಭಾಗ ಇನ್ನೂ ಹೊರಟಿರುವುದಿಲ್ಲ. ಆ ಕ್ಷಣಕ್ಕೆ ತುದಿಯ ಕಡೆ ಬೀಮು ಉಲ್ಟಾ ಬಾಗಿ ಮೇಲುಮೈ ಜಗ್ಗಿಗೆ ಸಿಗುತ್ತದೆ. ಅಲ್ಲಿ ಎರಡೇ ಸಣ್ಣ ಸರಳು ಹಾಕಿ ಮುಗಿಸಿದ್ದರೆ ಸೀಳು ಖಾತ್ರಿ. ಕಾರಟಗಿ ರಸ್ತೆಯ ಒಂದು ಗೋದಾಮಿನಲ್ಲಿ ಪೆಟ್ಟು ಬಿದ್ದ ನಡುಜಾಗಕ್ಕೆ ಹೊಸ ಗಿಲಾವು ಹಚ್ಚಿ ಬಣ್ಣವನ್ನೂ ಬಳಿದಾಗಿತ್ತು. ಏಣಿ ಹಾಕಿ ಬೀಮಿನ ಮೇಲುಮೈಯ ಧೂಳು, ಭತ್ತದ ಹೊಟ್ಟು ಒರೆಸಿದಾಗ ಕಂಬದಿಂದ ಎರಡು ಗೇಣು ದೂರದಲ್ಲಿ ಬೀಮಿನ ಅಡ್ಡಗಲಕ್ಕೂ ಒಂದು ಗೆರೆ ಕಂಡಿತು. ಫೀಲರ್ ಗೇಜಿನ 0.6ರ ಎಲೆ ಸಲೀಸಾಗಿ ಹೋಯಿತು. ಕೆಳಗೆ ನಿಂತವರಿಗೆ ಅದು ಎಂದೂ ಕಾಣುತ್ತಿರಲಿಲ್ಲ.

*ಸುತ್ತಿಕೊಂಡು ಹೋದ ಓರೆ ಬಿರುಕು.* ಮೇಲೆ ಸ್ಲ್ಯಾಬ್ ಇರುವ ಪೋರ್ಟಿಕೋ ಬೀಮಿನ ಕೆಳ ಅಂಚಿಗೆ ಲಾರಿ ತಾಗಿದರೆ, ಮೇಲಂಚನ್ನು ಸ್ಲ್ಯಾಬ್ ಹಿಡಿದಿಟ್ಟು ಕೆಳ ಅಂಚು ಸರಿದು, ಬೀಮು ಒದ್ದೆ ಬಟ್ಟೆ ಹಿಂಡಿದಂತೆ ತಿರುಚುತ್ತದೆ. ಗುರುತಿಸಲು ಒಂದು ಉಪಾಯ: ಒಂದು ಕಂಬಕ್ಕೆ ಗುರುತು ಹಾಕಿ. ಮುಂದಿನ ಮುಖದಲ್ಲಿ ಆ ಕಂಬದ ಕಡೆಗೆ ಇಳಿದ ಬಿರುಕು ಹಿಂದಿನ ಮುಖದಲ್ಲೂ ಅದೇ ಕಂಬದ ಕಡೆಗೇ ಇಳಿದಿದ್ದರೆ ಅದು ಕತ್ತರಿಬಲದ ಬಿರುಕು. ಹಿಂದೆ ಇನ್ನೊಂದು ಕಂಬದ ಕಡೆಗೆ ಇಳಿದಿದ್ದರೆ ತಿರುಚಿನದು. ಎರಡಕ್ಕೂ ದುರಸ್ತಿ ಬೇರೆ, ಆದ್ದರಿಂದ ಈ ಗುರುತು ಎಂಜಿನಿಯರಿಗೆ ಬಹಳ ಉಪಯೋಗ.

*ಸರಳಿನುದ್ದಕ್ಕೂ ಸಾಗಿದ ಬಿರುಕು.* ಸರಳಿಗೂ ಕಾಂಕ್ರೀಟಿಗೂ ಇದ್ದ ಹಿಡಿತ ಬಿಟ್ಟಿದೆ. ಹಿಡಿತವಿಲ್ಲದ ಸರಳು ಬೀಮಿನೊಳಗೆ ಇದ್ದೂ ಇಲ್ಲದಂತೆ. ಹಳೆಯ ಕಟ್ಟಡದಲ್ಲಿ ತುಕ್ಕಿನಿಂದಲೂ ಇದೇ ಬಿರುಕು ಬರುತ್ತದೆ. ಒಳಗೆ ಕಂದು ಕಲೆಯಿದ್ದರೆ ಹಳೆಯದು, ಒಡೆದ ಮುಖ ಹೊಸದಾಗಿ ಬೂದು ಬಣ್ಣಕ್ಕಿದ್ದರೆ ಹೊಡೆತದ್ದು.

ರಿಂಗು ಕಾಣುವಷ್ಟು ಒಡೆದಿದ್ದರೆ ಅದರ ಕೊಂಡಿ ನೋಡಿ. ಕೊಂಡಿ 90 ಡಿಗ್ರಿಗೆ ಮಡಚಿದ್ದಾದರೆ ಕವರು, ಅಂದರೆ ಕಬ್ಬಿಣದ ಮೇಲಿನ ಕಾಂಕ್ರೀಟ್ ಪದರ, ಉದುರಿದ ಕೂಡಲೇ ಬಾಯಿ ಬಿಡುತ್ತದೆ. ಬಾಯಿ ಬಿಟ್ಟ ರಿಂಗನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಹಂತ 5: ಹೊಡೆತ ಎಷ್ಟಿತ್ತು ಎಂಬ ಲೆಕ್ಕ

ಹೈಸ್ಕೂಲಿನ ಗಣಿತ ಸಾಕು. ಶಕ್ತಿ ಎಂದರೆ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ಆ ಶಕ್ತಿಯನ್ನು ವಾಹನ ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿದರೆ ಸರಾಸರಿ ಬಲ ಸಿಗುತ್ತದೆ.

ವೇ ಬ್ರಿಜ್ ಚೀಟಿಯಲ್ಲಿ 16 ಟನ್ ಇದೆ ಎನ್ನಿ. ರಿವರ್ಸ್ ವೇಗ ಗಂಟೆಗೆ 5 ಕಿ.ಮೀ., ಅಂದರೆ ಸೆಕೆಂಡಿಗೆ 1.39 ಮೀಟರ್. ಶಕ್ತಿ ಸುಮಾರು 15,400 ಜೂಲ್. ಲಾರಿಯ ಬಾಡಿ ನುಗ್ಗಾಗಿದ್ದೂ ಬೀಮು ಸರಿದದ್ದೂ ಸೇರಿ 10 ಸೆಂ.ಮೀ. ಆದರೆ ಬಲ ಸುಮಾರು 154 ಕಿಲೋನ್ಯೂಟನ್, ಅಂದರೆ ಹದಿನೈದೂವರೆ ಟನ್ ಭಾರದಷ್ಟು. ನಡೆಯುವ ಮನುಷ್ಯನ ವೇಗದಲ್ಲಿ ಬಂದ ಲಾರಿ ಇದು! ವೇಗ 10 ಕಿ.ಮೀ. ಆದರೆ ಶಕ್ತಿ ನಾಲ್ಕು ಪಟ್ಟು. ಅದೇ 5 ಕಿ.ಮೀ. ವೇಗದಲ್ಲಿ ನಡುವೆ ರಬ್ಬರ್ ಇದ್ದು 30 ಸೆಂ.ಮೀ.ನಲ್ಲಿ ನಿಂತಿದ್ದರೆ ಬಲ ಐದು ಟನ್ನಿಗೆ ಇಳಿಯುತ್ತದೆ.

ಈಗ ಬೀಮಿನ ಕಡೆ ನೋಡೋಣ. ನಮ್ಮಲ್ಲಿ ಗೇಟಿನ ಬೀಮು ಸಾಮಾನ್ಯವಾಗಿ 230 ಮಿ.ಮೀ. ಅಗಲ, 450 ಎತ್ತರ. ಕೆಳಗೆ 16 ಮಿ.ಮೀ. ದಪ್ಪದ ಎರಡು, ಮೇಲೆ 12ರ ಎರಡು ಸರಳು, ಎಂ20 ಎಂಬ ಸಾಧಾರಣ ದರ್ಜೆಯ ಕಾಂಕ್ರೀಟು, 4 ಮೀಟರ್ ಅಂತರ, ಮೇಲೆ ಸ್ಲ್ಯಾಬ್ ಇಲ್ಲ. ಇದು ಮೇಲಿನಿಂದ ಬರುವ ಭಾರಕ್ಕೆಂದು ನಿಲ್ಲಿಸಿದ ಬೀಮು. ಪಕ್ಕದಿಂದ ಬಂದ ಹೊಡೆತಕ್ಕೆ ಅದು ಮಲಗಿಸಿಟ್ಟ ಹಲಗೆಯ ಹಾಗೆ, ಬಿಗಿತ ಕಾಲು ಭಾಗದಷ್ಟೇ. ಆ ದಿಕ್ಕಿಗೆ ಜಗ್ಗು ಹೊರುವುದು ಹಿಂಬದಿಯ ಒಂದು 16 ಮತ್ತು ಒಂದು 12ರ ಸರಳು ಮಾತ್ರ. ಲೆಕ್ಕ ಹಾಕಿದರೆ ನಡುವೆ ತಡೆಯುವ ಡಿಸೈನ್ ಬಲ, ತುದಿಗಳು ಎಷ್ಟು ಬಿಗಿಯಾಗಿವೆ ಎಂಬುದರ ಮೇಲೆ, ಎರಡೂವರೆಯಿಂದ ಐದು ಟನ್. ಹದಿನೈದೂವರೆ ಎಲ್ಲಿ, ಐದು ಎಲ್ಲಿ? ಈ ಬೀಮಿಗೆ ಇನ್ನೆರಡು ಸರಳು ಹೆಚ್ಚು ಹಾಕಿ ಲಾರಿಯನ್ನು ತಡೆಯುತ್ತೇನೆ ಎನ್ನುವುದು ಆಗದ ಮಾತು.

ಮೇಲಿನಿಂದ ಬೀಳುವುದರ ಲೆಕ್ಕ ಇನ್ನೂ ಸುಲಭ. ಅರಳೆ ಬೇಲು 170 ಕೆ.ಜಿ., 3 ಮೀಟರ್ ಎತ್ತರದಿಂದ ಬಿದ್ದರೆ 5,000 ಜೂಲ್. ಬೇಲು ತಾನೇ ಕುಗ್ಗುವುದರಿಂದ ಅದರ ದೊಡ್ಡ ಪಾಲನ್ನು ನುಂಗುತ್ತದೆ, ಅದೇ ತೂಕದ ಉಕ್ಕಿನ ಗರ್ಡರು ನುಂಗುವುದಿಲ್ಲ. ಒಂದು ಸಂಗತಿ ಹಮಾಲರಿಗೂ ತಿಳಿಸಿ: ಎತ್ತರದಿಂದ ಬೀಳಿಸದೆ, ಬೀಮಿಗೆ ತಾಗುವಷ್ಟರಲ್ಲಿ ಹಿಡಿದು ಒಮ್ಮೆಲೇ ಕೈಬಿಟ್ಟರೂ ಆ ಕ್ಷಣಕ್ಕೆ ಬೀಮಿನ ಮೇಲೆ ತೂಕದ ಎರಡರಷ್ಟು ಪರಿಣಾಮ ಆಗುತ್ತದೆ.

ಹಂತ 6: ಯಂತ್ರದ ಪರೀಕ್ಷೆ

ಸಿವಿಲ್ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಗಳಲ್ಲೂ ಖಾಸಗಿ ಪರೀಕ್ಷಕರ ಬಳಿಯೂ ಈ ಸಲಕರಣೆಗಳು ಸಿಗುತ್ತವೆ. ರಿಬೌಂಡ್ ಹ್ಯಾಮರ್ ಎಂದರೆ ಕಾಂಕ್ರೀಟಿಗೆ ಒತ್ತಿದಾಗ ಒಳಗಿನ ಗುಂಡು ಬಡಿದು ಎಷ್ಟು ಪುಟಿಯಿತು ಎಂದು ತೋರಿಸುವ ಕೊಳವೆ. ಅದು ಹೇಳುವುದು ಮೇಲ್ಮೈಯ ಗಟ್ಟಿತನವನ್ನು, ಅದೂ ಶೇ. 25ರಷ್ಟು ಆಚೀಚೆ. ಒಳಗಿನ ಸೀಳು ಅದಕ್ಕೆ ತಿಳಿಯುವುದಿಲ್ಲ. ಹ್ಯಾಮರ್ ರೀಡಿಂಗ್ ಚೆನ್ನಾಗಿದೆ, ಬೀಮು ಸರಿಯಿದೆ ಎಂದು ಬರೆದುಕೊಟ್ಟ ವರದಿಯನ್ನು ನಂಬಬೇಡಿ.

ಹೊಡೆತದ ಬೀಮಿಗೆ ಬೇಕಾದದ್ದು ಅಲ್ಟ್ರಾಸಾನಿಕ್ ಪಲ್ಸ್ ಪರೀಕ್ಷೆ. ಒಂದು ಮುಖದಿಂದ ಕಿವಿಗೆ ಕೇಳದ ಶಬ್ದ ಬಿಟ್ಟು ಇನ್ನೊಂದು ಮುಖಕ್ಕೆ ಎಷ್ಟು ಬೇಗ ಮುಟ್ಟಿತು ಎಂದು ಅಳೆಯುತ್ತಾರೆ. ನಡುವೆ ಬಿರುಕಿದ್ದರೆ ಶಬ್ದ ಸುತ್ತಿಕೊಂಡು ಬರಬೇಕು, ತಡವಾಗುತ್ತದೆ. ಯಾವ ವೇಗಕ್ಕೆ ಎಂಥ ಕಾಂಕ್ರೀಟ್ ಎಂದು ಹೇಳುವ ಕೋಷ್ಟಕದ ಅಂಕಿಗಿಂತ ಹೋಲಿಕೆ ಮುಖ್ಯ: ಅದೇ ಬೀಮಿನ ಪೆಟ್ಟಾಗದ ಭಾಗದಲ್ಲಿ ಸೆಕೆಂಡಿಗೆ 4 ಕಿ.ಮೀ. ಬಂದು ಪೆಟ್ಟಾದ ಕಡೆ 3ಕ್ಕೆ ಇಳಿದಿದ್ದರೆ ಒಳಗೆ ಒಡೆದಿದೆ. ಪರೀಕ್ಷೆಗೆ ಬಂದವರಿಗೆ ಎರಡೂ ಕಡೆ ಅಳೆಯಲು ಹೇಳಿ.

ಬಿರುಕು ಸಣ್ಣದಾಗಿದ್ದು ಅನುಮಾನ ಮಾತ್ರ ಉಳಿದಿದ್ದರೆ ಭಾರ ಪರೀಕ್ಷೆ ಇದೆ. ಐಎಸ್ 456ರ ಪ್ರಕಾರ ಕಟ್ಟಡದ ಸ್ಥಿರ ಭಾರದ ಜೊತೆಗೆ ಡಿಸೈನಿನ ಬಳಕೆ ಭಾರದ 1.25 ಪಟ್ಟನ್ನು 24 ತಾಸು ಇಟ್ಟು ತೆಗೆಯಬೇಕು. ತೆಗೆದ 24 ತಾಸಿನೊಳಗೆ ಬಾಗಿದ್ದರ ಮುಕ್ಕಾಲು ಪಾಲಾದರೂ ಮರಳಬೇಕು. ಮರಳದಿದ್ದರೆ 72 ತಾಸಿನ ನಂತರ ಮತ್ತೊಮ್ಮೆ ಪರೀಕ್ಷೆ, ಆಗ ಶೇ. 80 ಮರಳದಿದ್ದರೆ ಅನುತ್ತೀರ್ಣ. ಬಾಗುವುದೇ ಬಹಳ ಕಡಿಮೆಯಾದರೆ, 4 ಮೀಟರ್ ಅಂತರದ 450ರ ಬೀಮಿಗೆ ಸುಮಾರು 1.4 ಮಿ.ಮೀ.ಗಿಂತ ಕಡಿಮೆ, ಮರಳುವ ಲೆಕ್ಕ ಬೇಡ. ಓರೆ ಬಿರುಕು ಇರುವ ಬೀಮಿಗೆ ಈ ಪರೀಕ್ಷೆ ಮಾಡಿಸಲೇಬೇಡಿ. ಕತ್ತರಿಬಲದ ಸೋಲು ಮುನ್ಸೂಚನೆ ಕೊಡುವುದಿಲ್ಲ, ಕೆಳಗೆ ಅಳೆಯುತ್ತ ನಿಂತವರ ಜೀವದ ಪ್ರಶ್ನೆ.

ಹಂತ 7: ದುರಸ್ತಿ

ಕಬ್ಬಿಣಕ್ಕೆ ಏನೂ ಆಗದೆ ಕವರು ಮಾತ್ರ ಉದುರಿದ್ದರೆ ಸಡಿಲವಾದದ್ದನ್ನೆಲ್ಲ ತೆಗೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಪಾಲಿಮರ್ ಬೆರೆಸಿದ ದುರಸ್ತಿ ಗಾರೆ ತುಂಬಿಸಿ. ಬರೀ ಸಿಮೆಂಟು ಉಸುಕು ನಮ್ಮ ಬಿಸಿಲಿಗೆ ಕುಗ್ಗಿ ಅಂಚು ಬಿಡುತ್ತದೆ. ಸಣ್ಣ ಬಿರುಕಿಗೆ ಎಪಾಕ್ಸಿ ಇಂಜೆಕ್ಷನ್, ಅಂದರೆ ತೆಳುವಾದ ಅಂಟನ್ನು ಸಣ್ಣ ನಳಿಕೆಗಳಿಂದ ಒತ್ತಡದಲ್ಲಿ ತುಂಬುವುದು. ಮೇಲೆ ಬಳಿದರೆ ಅದು ಇಂಜೆಕ್ಷನ್ ಅಲ್ಲ. ಕೆಳಗಿನ ನಳಿಕೆಯಲ್ಲಿ ಹಾಕಿದ್ದು ಮೇಲಿನ ನಳಿಕೆಯಿಂದ ಹೊರಬರುವುದನ್ನು ಕಣ್ಣಾರೆ ನೋಡಿ.

ಬಗ್ಗಿದ ಸರಳನ್ನು ಗ್ಯಾಸಿನಿಂದ ಕಾಯಿಸಿ ನೆಟ್ಟಗೆ ಮಾಡಲು ಬಿಡಬೇಡಿ. ಟಿಎಂಟಿ ಸರಳಿನ ಬಲವಿರುವುದು ನೀರು ಚಿಮ್ಮಿಸಿ ಗಟ್ಟಿ ಮಾಡಿದ ಹೊರಪದರದಲ್ಲಿ. ಕೆಂಪಗೆ ಕಾಯಿಸಿದರೆ ಆ ಪದರ ಮೆತ್ತಗಾಗುತ್ತದೆ. ಪಕ್ಕದಲ್ಲಿ ಹೊಸ ಸರಳು ಸಾಕಷ್ಟು ಉದ್ದಕ್ಕೆ ಜೋಡಿಸುವುದೇ ಸರಿ.

ರಿಂಗು ತುಂಡಾಗಿದ್ದರೆ, ಓರೆ ಬಿರುಕು ದಪ್ಪವಿದ್ದರೆ ಜಾಕೆಟಿಂಗ್ ಬೇಕು. ಹಳೆಯ ಬೀಮಿನ ಮೈ ಒರಟು ಮಾಡಿ, ಸುತ್ತ ಹೊಸ ಸರಳು ಹೊಸ ರಿಂಗು ಕಟ್ಟಿ, ಮೈಕ್ರೋ ಕಾಂಕ್ರೀಟ್ ಸುರಿಯುವುದು. ಜಾಕಿಗಳು ಭಾರ ಹೊತ್ತಿರುವಾಗಲೇ ಈ ಕೆಲಸ ಆಗಬೇಕು, ಇಲ್ಲದಿದ್ದರೆ ಹೊಸ ಕಾಂಕ್ರೀಟ್ ಅಲಂಕಾರಕ್ಕೆ ಮಾತ್ರ, ಭಾರ ಹಳೆಯದರ ಮೇಲೇ ಉಳಿಯುತ್ತದೆ. ಅಳತೆ, ಸರಳಿನ ಲೆಕ್ಕ ಎಂಜಿನಿಯರು ಬರೆದುಕೊಡಲಿ. ಪಕ್ಕಕ್ಕೆ ಬಾಗಿ ಹಾಗೇ ನಿಂತ ಬೀಮಿಗೆ, ಸರಳು ತುಂಡಾದ ಬೀಮಿಗೆ ನಾನು ಒಡೆದು ಹೊಸದು ಹಾಕಿ ಎನ್ನುತ್ತೇನೆ. ಗೇಟಿನ ಬೀಮಾದರೆ ಅದೇ ಅಗ್ಗ.

ಸಿಮೆಂಟಿನ ಕೆಲಸವನ್ನು ಬೆಳಗ್ಗೆ ಬೇಗ ಇಲ್ಲವೇ ಸಂಜೆ ಮಾಡಿಸಿ. ಬಳ್ಳಾರಿ, ರಾಯಚೂರಿನ 40 ಡಿಗ್ರಿ ಬಿಸಿಲಿನಲ್ಲಿ ನೀರು ಹಿಂಗಿಬಿಡುತ್ತದೆ. ಗೋಣಿತಟ್ಟು ಸುತ್ತಿ ಕಡಿಮೆ ಎಂದರೂ 10 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ 14 ದಿನ ನೀರುಣಿಸಿ. ರೆಡಿಮೇಡ್ ಗಾರೆಗೆ ಅದರ ಚೀಲದ ಮೇಲಿನ ಸೂಚನೆಯಂತೆ.

ಹಂತ 8: ಮತ್ತೆ ಬಡಿಯದಂತೆ

ಹೊಸ ಬೀಮು ಹಾಕುವವರು ರಿಂಗಿನ ಮೇಲೆ ಜಿಪುಣತನ ಮಾಡಬೇಡಿ. ನಮ್ಮ ಸೀಮೆಯಲ್ಲಿ ಭೂಕಂಪದ ಭಯ ಕಡಿಮೆ ಎಂದು ಭೂಕಂಪದ ರಿಂಗಿನ ನಿಯಮವನ್ನು ಯಾರೂ ಹಚ್ಚಿಕೊಳ್ಳುವುದಿಲ್ಲ. ಆದರೆ ಆ ನಿಯಮ ಬೀಮಿಗೆ ಕೊಡುವ ಗುಣವೇ ಹೊಡೆತಕ್ಕೂ ಬೇಕಾದದ್ದು: ಒಡೆದರೂ ಬಿಡದೆ ಹಿಡಿದಿರುವುದು. ಕಂಬದಿಂದ ಬೀಮಿನ ಎತ್ತರದ ಎರಡರಷ್ಟು ದೂರದವರೆಗೆ ರಿಂಗು 100 ಮಿ.ಮೀ.ಗೊಂದು, ಅಥವಾ ಇನ್ನೂ ಹತ್ತಿರ. ಕೊಂಡಿ 135 ಡಿಗ್ರಿ ಒಳಕ್ಕೆ ಮಡಚಿ ಬಾಲ ಕಡಿಮೆ ಎಂದರೂ 65 ಮಿ.ಮೀ. ಇರಲಿ. ಮೇಲೂ ಕೆಳಗೂ ಎರಡೆರಡು ಸರಳು ತುದಿಯಿಂದ ತುದಿಗೆ ಸಾಗಲಿ. ಸರಳು ಕೊಳ್ಳುವಾಗ ಎಫ್‌ಇ 500 ದರ್ಜೆಯ ಬದಲು ಹೆಚ್ಚು ಹಿಗ್ಗುವ 500ಡಿ ದರ್ಜೆ ಕೇಳಿ. ತುಂಡಾಗುವ ಮೊದಲು ಮೊದಲನೆಯದು ಶೇ. 12, ಎರಡನೆಯದು ಶೇ. 16 ಆದರೂ ಹಿಗ್ಗಬೇಕೆಂಬುದು ನಿಯಮ. ಮಿಲ್ಲಿನಲ್ಲಿ ಬೀಮಿಗೆ ಕರೆಂಟಿನ ಕ್ರೇನ್ ಹಾಕುವುದಾದರೆ ಗಾಲಿಯ ಭಾರಕ್ಕೆ ಶೇ. 25 ಹೊಡೆತದ ಪಾಲು ಸೇರಿಸಬೇಕು, ಮೋಟಾರಿನ ಹಗುರ ಯಂತ್ರ ಕೂರಿಸುವುದಾದರೆ ಶೇ. 20, ಪಿಸ್ಟನ್ನಿನಂತೆ ಹಿಂದೆ ಮುಂದೆ ಆಡುವ ಯಂತ್ರಕ್ಕೆ ಶೇ. 50. ಇವು ಕಟ್ಟಡದ ಮೇಲಿನ ಭಾರಗಳ ಸಂಹಿತೆ ಐಎಸ್ 875ರ ಎರಡನೇ ಭಾಗದ ಅಂಕಿಗಳು.

ಇಷ್ಟಾದರೂ 16 ಟನ್ನಿನ ಲಾರಿಯನ್ನು ಬೀಮಿನಿಂದ ತಡೆಯಲಾಗದು ಎಂದು ಹಂತ 5ರಲ್ಲಿ ನೋಡಿದಿರಿ. ಲಾರಿ ಬೀಮಿನವರೆಗೆ ಬಾರದಂತೆ ಮಾಡುವುದೇ ದಾರಿ. ಗೇಟಿಗಿಂತ ಹತ್ತು ಮೀಟರ್ ಮೊದಲೇ ಎರಡು ಪೈಪು ನಿಲ್ಲಿಸಿ, ಅಡ್ಡ ಪೈಪಿನಿಂದ ಸರಪಳಿಯಲ್ಲಿ ಒಂದು ಹಗುರ ಪೈಪು ಇಳಿಬಿಡಿ, ಬೀಮಿನ ತಳಕ್ಕಿಂತ 15ರಿಂದ 20 ಸೆಂ.ಮೀ. ಕೆಳಗೆ. ಡಬ್ಬಿ ಅದಕ್ಕೆ ತಾಗಿ ಗಣಗಣ ಎಂದರೆ ಡ್ರೈವರಣ್ಣ ನಿಲ್ಲಿಸುತ್ತಾನೆ. ಲೋಡಿಂಗ್ ಕಟ್ಟೆಯ ಹತ್ತಿರ ಹಿಂದಿನ ಗಾಲಿಗೆ ಅಡ್ಡ ಕಾಂಕ್ರೀಟಿನ ದಿಂಡು ಹಾಕಿ. ಎಲ್ಲಿ ಹಾಕಬೇಕೆಂದರೆ, ನಿಮ್ಮಲ್ಲಿಗೆ ಬರುವ ಅತಿ ಉದ್ದದ ಲಾರಿಯ ಹಿಂದಿನ ಗಾಲಿಯಿಂದ ಬಾಡಿಯ ತುದಿಯವರೆಗೆ ಅಳೆಯಿರಿ, ಅದಕ್ಕೆ ಅರ್ಧ ಮೀಟರ್ ಸೇರಿಸಿ, ಬೀಮಿನಿಂದ ಅಷ್ಟು ದೂರ. ಕಂಬದ ಮೂಲೆಗೆ ಹಳೆ ಟೈರು ಕಟ್ಟಿ, 10 ಸೆಂ.ಮೀ. ಇದ್ದದ್ದು 30 ಆಗುವುದು ಅದರಿಂದಲೇ.

ಗೇಟಿನ ಮೇಲೆ ಎತ್ತರ ಬರೆಸುವಾಗ ಬೀಮಿನ ಎರಡೂ ತುದಿಯಲ್ಲಿ ರಸ್ತೆಯಿಂದ ಅಳೆದು ಕಡಿಮೆಯದನ್ನು ಬರೆಸಿ. ಮುಂದೆ ರಸ್ತೆಗೆ ಹೊಸ ಡಾಂಬರು ಬಿದ್ದ ಮಾರನೆಯ ದಿನವೇ ಟೇಪು ಹಿಡಿದು ಮತ್ತೆ ಅಳೆಯಿರಿ. ಪ್ರತಿ ಸಲ ರಸ್ತೆ ಒಂದೆರಡು ಇಂಚು ಏರುತ್ತದೆ, ಬೋರ್ಡಿನ ಅಂಕಿ ಮಾತ್ರ ಹಳೆಯದೇ ಇರುತ್ತದೆ, ಡ್ರೈವರು ಬೋರ್ಡನ್ನು ನಂಬಿಯೇ ಒಳಗೆ ಬರುತ್ತಾನೆ.